ನೆವಾರ್ಕ್‌ನಲ್ಲಿ ನಿಂತುಹೋದ ಮಣ್ಣು

ನೆವಾರ್ಕ್ ವಿಮಾನ ನಿಲ್ದಾಣದ ಕಸ್ಟಮ್ಸ್ ಸಾಲಿನಲ್ಲಿ ನಮ್ಮ ಮುಂದಿದ್ದ ವೃದ್ಧೆ ಜ್ಯೂರಿಕ್‌ನಿಂದ ನಮ್ಮ ಪಕ್ಕದಲ್ಲೇ ಕೂತು ಬಂದವರು. ದಾರಿಯುದ್ದಕ್ಕೂ ಅಲ್ಲಿನ ಬೆಟ್ಟಗಳ ನಡುವಿನ ತಮ್ಮ ಹುಟ್ಟೂರಿನ ಮಾತು. ಎರಡು ಬೆಟ್ಟಗಳ ನಡುವೆ ಒಂದು ಹೊಳೆ, ಅದರ ಪಕ್ಕ ಒಂದೇ ಬೀದಿ. ಉಳಿದಿರುವ ಜನರನ್ನೆಲ್ಲ ಒಂದು ಬಸ್ಸಿನಲ್ಲಿ ಕೂರಿಸಬಹುದಂತೆ. ಆದರೂ ಸತ್ತವರಿಗೆ ಅಲ್ಲಿ ಜಾಗ ಸಾಲದು. ಸಮತಟ್ಟಾದ ನೆಲವೇ ಇಲ್ಲ. ಒಂದು ಸಮಾಧಿಗೆ ಇಂತಿಷ್ಟೇ ವರ್ಷ ಎಂದು ಅವಧಿ; ಅದು ಮುಗಿದರೆ ಊರಿನ ಪಂಚಾಯಿತಿಯವರು ತೆರವು ಮಾಡಿ ಇನ್ನೊಬ್ಬರಿಗೆ ಕೊಡುತ್ತಾರೆ. ಈ ವಾರ ಅವರ ಅಪ್ಪನ ಸರದಿ ಬಂದಿತ್ತು. ಆ ಮಣ್ಣನ್ನು ಜಾಮ್ ಬಾಟಲಿಯಲ್ಲಿ ತುಂಬಿಕೊಂಡು, ನ್ಯೂಜೆರ್ಸಿಯಲ್ಲಿರುವ ಅಮ್ಮನ ಸಮಾಧಿಗೆ ಹಾಕಲು ತಂದಿದ್ದರು.

"ಮಣ್ಣು ಬಿಡೋ ಹಾಗಿಲ್ಲ, ಮೇಡಂ" ಎಂದ ಅಧಿಕಾರಿ.

"ಹೊರಗಿನ ಮಣ್ಣಲ್ಲಿ ಬೆಳೆ ರೋಗ ಬರತ್ತೆ ಅಂತ ಅಗ್ರಿಕಲ್ಚರ್ ರೂಲ್ ಅದು, ದೊಡ್ಡಮ್ಮ. ತಂದಿದೀನಿ ಅಂತ ತಾವೇ ಡಿಕ್ಲೇರ್ ಮಾಡಿದಾರೆ, ಫೈನ್ ಹಾಕಲ್ಲ ಬಿಡಿ" ಎಂದು ನನ್ನ ತಂಗಿಯ ಮಗಳು ಮೇಘಾ ಪಿಸುಗುಟ್ಟಿದಳು. ಫೈನಿನ ಯೋಚನೆ ಯಾರಿಗಿತ್ತು?

ವೃದ್ಧೆ ವಾದಿಸಲಿಲ್ಲ. "ಇದನ್ನ ಏನು ಮಾಡ್ತೀರಿ?" ಎಂದಷ್ಟೇ ಕೇಳಿದರು.

"ಸುಡ್ತೀವಿ" ಎಂದ ಅವನು, ತಗ್ಗಿದ ದನಿಯಲ್ಲಿ.

ಅವರು ತಿರುಗಿ ನನ್ನ ಸೀರೆ, ಹಣೆಯ ಕುಂಕುಮ ನೋಡಿದರು. "ನಿಮ್ಮಲ್ಲಿ ಸತ್ತವರನ್ನ ಸುಡ್ತೀರಲ್ಲವಾ? ಆಗ ಏನು ಪ್ರಾರ್ಥನೆ ಹೇಳ್ತೀರಿ?"

ನಮ್ಮ ಮನೆಯ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ನನ್ನ ಅಪ್ಪನನ್ನು ಹೊತ್ತೊಯ್ದಾಗ ನಾನು ಬಾಗಿಲಲ್ಲೇ ನಿಂತವಳು.

"ನನಗೂ ಗೊತ್ತಿಲ್ಲ" ಎಂದೆ.

ಅವರು ಬಾಟಲಿಯ ಮೇಲೆ ಕೈಯಿಟ್ಟರು. ನಾನೂ ಇಟ್ಟೆ. ನಾವು ಕೈ ತೆಗೆಯುವವರೆಗೂ ಅಧಿಕಾರಿ ಮುಂದಿನವರನ್ನು ಕರೆಯಲಿಲ್ಲ.