ಕೇಳದೆ ಬರೆದುಕೊಂಡ ಬಣ್ಣ

ನನಗಾಗ ಅರವತ್ತನಾಲ್ಕು. ಒಂಬತ್ತು ವರ್ಷದ ಹಿಂದಿನ ಮಾತು; ಪರದೇಶದಲ್ಲಿರುವ ತಮ್ಮನ ಮನೆಗೆ ಬಂದು ಎರಡು ವರ್ಷವಾಗಿತ್ತು. ವುಡ್‌ರಿಡ್ಜ್‌ನ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರಮ್ಮ ನನ್ನ ಫೈಲು ನೋಡಿದಳು, ಮುಖ ನೋಡಿದಳು, ಮತ್ತೆ ಫೈಲು ನೋಡಿದಳು. ಅವಳು ಈ ದೇಶದ ಕರಿಯರ ಹೆಣ್ಣುಮಗಳು. ‘ನಿಮ್ಮಕ್ಕ ನಮ್ಮವರು ಅಂತ ಬರೆದಿದೆಯಲ್ಲ!’ ಎಂದು ಜೊತೆಗಿದ್ದ ನನ್ನ ತಮ್ಮ ಹುಸೇನನಿಗೆ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ನಾನು ತಮ್ಮನ ಮನೆಗೆ ಬಂದ ವರ್ಷ ಕೌಂಟರಿನ ಹೆಂಗಸು ನನ್ನ ಮೈಬಣ್ಣ ನೋಡಿ ಹಾಗೆ ಬರೆದುಕೊಂಡಿದ್ದಳು. ಗದಗಿನಲ್ಲಿ ರೇಷನ್ ಕಾರ್ಡಿಗೆ ಹೋದರೆ ಗಂಡ ಯಾರು, ಓಣಿ ಯಾವುದು, ಜಾತಿ ಯಾವುದು ಎಂದು ತಲೆ ತಿನ್ನುತ್ತಾರೆ. ಇಲ್ಲಿ ನೋಡಿದರು, ಬರೆದರು, ಮುಗಿಯಿತು. ಕರಿಯಳು ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ಊರಲ್ಲಿ ಅದನ್ನೇ ಹೇಳಿ, ನನ್ನನ್ನು ನೋಡಲು ಬಂದ ಮೂರು ಗಂಡುಗಳು ಎದ್ದು ಹೋಗಿದ್ದರು.

ಆದರೆ ರಕ್ತಪರೀಕ್ಷೆಯ ಚೀಟಿ ತೆಗೆದಾಗ ಡಾಕ್ಟರಮ್ಮನ ನಗು ನಿಂತಿತು. ಕಿಡ್ನಿಗೆ ಅದರಲ್ಲಿ ಎರಡು ಅಂಕಿ: ಕರಿಯರಿಗೊಂದು, ಉಳಿದವರಿಗೊಂದು. ಅಂಕಿ ಹೆಚ್ಚಿದ್ದಷ್ಟೂ ಕಿಡ್ನಿ ಗಟ್ಟಿ ಎಂದು ಲೆಕ್ಕ; ಕರಿಯರದು ಹೆಚ್ಚು. ಎರಡು ವರ್ಷ ಆ ಹೆಚ್ಚಿನ ಅಂಕಿ ಓದಿ, ಪರವಾಗಿಲ್ಲ ಎಂದು ಮಂಡಿನೋವಿನ ಗುಳಿಗೆ ಕೊಟ್ಟು ಕಳಿಸಿದ್ದರು. ನನ್ನ ಅಂಕಿ ಓದಿದರೆ ಕಿಡ್ನಿ ಆಗಲೇ ಸೋತಿತ್ತು. ಕಿಡ್ನಿ ತಿನ್ನುವ ಆ ಗುಳಿಗೆಯನ್ನು ಅವಳು ಬಿಡಿಸಿದಳು. ‘ಫೈಲು ತಿದ್ದಿಸಿ. ಇಲ್ಲದಿದ್ದರೆ ಮುಂದಿನವರು ಮತ್ತೆ ಅದನ್ನೇ ಓದುತ್ತಾರೆ’ ಎಂದಳು. ಅದಕ್ಕೆ ಕೌಂಟರಿನಲ್ಲಿ ನನ್ನ ಸಹಿ ಬೇಕಿತ್ತು. ಹುಸೇನ ಸೀದಾ ಕಾರಿಗೆ ನಡೆದ.

‘ಸಹಿ?’ ಎಂದೆ.

‘ಬ್ಯಾಡಕ್ಕ. ನ್ಯೂಯಾರ್ಕಿನ ಕಟ್ಟಡ ಬಿದ್ದಾಗಿಂದ ಸಾಬರ ಹೆಸರು ಓದಿದ್ರ ಸಾಕು, ಕಣ್ಣು ಸಣ್ಣ ಮಾಡ್ತಾರ. ನನ್ನ ಸಿಟಿಜನ್ ಅರ್ಜಿ ಇನ್ನೂ ಸರಕಾರದವರ ಕೈಯಾಗ ಐತಿ. ಮೊದಲ ಒಂದು ಬರಸಿ ಈಗ ಇನ್ನೊಂದು ಯಾಕ ಅಂದ್ರ?’

‘ಬರಸಿದಾಕಿ ನಾನೇನೋ?’

‘ಅದನ್ನ ಯಾರು ಕೇಳ್ತಾರ?’

‘ತಿದ್ದಿದ್ರ ಏನಂತ ಬರೀತಾರ?’

‘ಏಷಿಯನ್.’

‘ಚೀನಾದವರ ಸಾಲಿನ್ಯಾಗ ಕೂಡಸ್ತೀಯೇನು?’

‘ಮತ್ತ? ನಿನ್ನ ಸಲುವಾಗಿ ಫಾರ್ಮಿನ್ಯಾಗ ಗದಗಿಗೊಂದು ಚೌಕ ಮಾಡಿಟ್ಟಿರ್ತಾರೇನು?’

ಇಬ್ಬರೂ ನಕ್ಕೆವು. ಸಹಿ ಮಾತ್ರ ಆಗಲಿಲ್ಲ.

ಮನೆಯಿಂದ ದವಾಖಾನೆ ಎರಡು ಮೈಲಿ. ಆ ದೊಡ್ಡ ರಸ್ತೆಯಲ್ಲಿ ನಡೆಯಲು ದಾರಿಯಿಲ್ಲ, ಬಸ್ಸಿಲ್ಲ, ನನಗೆ ಇಂಗ್ಲಿಷಿಲ್ಲ. ಗದಗಿನಲ್ಲಾದರೆ ನಡೆದುಹೋಗಿ ಕಾಂಪೌಂಡರನ ಮುಂದೆ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಅಲ್ಲಿ ಇಂಥ ಚೀಟಿ ಓದಿ ಹೇಳುವವರು ಸಿಗುತ್ತಿದ್ದರೋ ಇಲ್ಲವೋ. ಅಲ್ಲಿಯ ಮನೆ ಮಾರಿ ಬಂದಾಗಿದೆ. ಇಲ್ಲಿ ಮನೆ ತಮ್ಮನದು, ಕಾರು ತಮ್ಮನದು, ಹೆದರಿಕೆಯೂ ತಮ್ಮನದು. ಕಿಡ್ನಿ ನನ್ನದು.

ಮರುದಿನ ಬೆಳಿಗ್ಗೆ ಹುಸೇನ ಅಂಗಡಿಗೆ ಹೊರಡುವ ಮೊದಲೇ ದವಾಖಾನೆಯ ಚೀಟಿ ಹಿಡಿದು ಅವನ ಕಾರಿನಲ್ಲಿ ಹೋಗಿ ಕುಳಿತು ಬೆಲ್ಟ್ ಬಿಗಿದುಕೊಂಡೆ.