ಎಲ್ಲರೂ ಕ್ಷಮಿಸುವ ಆಟ

ಆ ವಿಡಿಯೋ ಗೇಮ್ ಬಿಡುಗಡೆಯಾದ ವಾರ ನಾನು ನೋಡಿದ ವಿಮರ್ಶೆಗಳೆಲ್ಲ ಹೊಗಳಿಕೆಯೇ. ಕಥೆ ಚೆನ್ನಾಗಿದೆ, ಜೊತೆಗಾರ ಪಾತ್ರಗಳು ನಿಜವಾದ ಮನುಷ್ಯರಂತಿವೆ, ಇಂಥದ್ದು ಬಂದು ಎಷ್ಟೋ ಕಾಲವಾಗಿತ್ತು ಎನ್ನುತ್ತಿದ್ದರು. ನನಗೆ ಮಾತ್ರ ಮೊದಲ ಸಂಜೆಯೇ ಅನುಮಾನ ಬಂತು.

ಅದರ ಹಿಂದಿನ ಭಾಗವನ್ನು ನಾನೂ ತಂಗಿಯೂ ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ ಒಂದೇ ಕಂಪ್ಯೂಟರಿನ ಮುಂದೆ ಕೂತು ಆಡಿದ್ದೆವು. ನಮ್ಮದೊಂದು ಪಾತ್ರ ಮಾಡಿಕೊಂಡು ಊರೂರು ಸುತ್ತಬೇಕು; ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂದು ನಾವೇ ನಿರ್ಧರಿಸಬೇಕು. ಅದರಲ್ಲೊಬ್ಬ ಗೆಳತಿಗೆ ನಾವು ಸುಳ್ಳು ಹೇಳಿದೆವು. ಗೊತ್ತಾದ ಮೇಲೆ ಅವಳು ಎದ್ದು ಹೋದಳು; ಆಟ ಮುಗಿಯುವವರೆಗೂ ಮರಳಲಿಲ್ಲ. ತಂಗಿ ಆ ದಿನ ಊಟ ಮಾಡಲಿಲ್ಲ. ಮರುದಿನ ಚಂದ್ರವಳ್ಳಿಯ ಕಡೆ ನಡೆದು ಹೋಗುವಾಗಲೂ ನಮ್ಮ ಮಾತೆಲ್ಲ ಅವಳದ್ದೇ.

ಹೊಸ ಆಟದಲ್ಲಿ ಮೈಕಿನಲ್ಲಿ ಏನು ಕೇಳಿದರೂ ಪಾತ್ರಗಳು ಉತ್ತರಿಸುತ್ತಿದ್ದವು, ಆದರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ನಾನು ಬೇಕೆಂದೇ ಒಬ್ಬ ಜೊತೆಗಾರನ ಮನೆಯನ್ನು ಶತ್ರುಗಳಿಗೆ ತೋರಿಸಿಕೊಟ್ಟೆ. ಅವನಿಗೆ ಕೊಂಚ ಕೋಪ ಬಂತು, ಅಷ್ಟೆ. ಎರಡು ಮೆತ್ತನೆಯ ಮಾತಿಗೆ ಕರಗಿ ಮತ್ತೆ ನನ್ನ ಹಿಂದೆಯೇ ನಡೆದ.

ಬೇರೆ ಸಮಯದಲ್ಲಾಗಿದ್ದರೆ ಬೇಸರವೆಂದು ಆಟ ಮುಚ್ಚಿಡುತ್ತಿದ್ದೆ. ಆದರೆ ತಂಗಿ ಆಗ ಹೊಸದುರ್ಗದ ಗಂಡನ ಮನೆ ಬಿಟ್ಟು ಬಂದು ಚಿತ್ರದುರ್ಗದಲ್ಲಿ ನನ್ನ ಜೊತೆಗಿದ್ದಳು. ಗಂಡ ಹೊಡೆದವನಲ್ಲ, ಬೈದವನಲ್ಲ. ತಿಂಗಳುಗಟ್ಟಲೆ ಅವಳೊಡನೆ ಮಾತು ಬಿಟ್ಟಿದ್ದ. ಎದುರಿಗಿದ್ದರೂ ಇಲ್ಲವೆಂಬಂತೆ ಮನೆಯಲ್ಲಿ ಓಡಾಡುತ್ತಿದ್ದ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಅವಳು ಆಟದ ಮುಂದೆ ಕೂತಿರುತ್ತಿದ್ದಳು, ಅದೇ ಜೊತೆಗಾರನೊಂದಿಗೆ ಮಾತಾಡುತ್ತ.

“ಈ ಆಟ ಬರೀ ಸುಳ್ಳು ಕಣೆ,” ಎಂದೆ ಒಂದು ದಿನ. “ಏನ್ ಮಾಡಿದ್ರೂ ಎಲ್ರೂ ಕ್ಷಮಿಸಿಬಿಡ್ತಾರೆ.”

“ಎಲ್ರೂ ಚೆನ್ನಾಗೈತೆ ಅಂತಾರಲ್ಲ?”

“ಅವ್ರು ಆಡಿ ಮುಗ್ಸಿ ಇನ್ನೊಂದಕ್ಕೆ ಹೋಗ್ತಾರೆ. ನೀನು ಇಲ್ಲೇ ಕುಂತಿದೀಯ.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅಕ್ಕಾ, ಇವನು ಕೇಳಿದ್ದಕ್ಕೆ ಉತ್ತರ ಕೊಡ್ತಾನೆ. ನಂಗಷ್ಟು ಸಾಕು.”

ಒಂದು ಭಾನುವಾರ ಅವಳು ಸೀರೆಯುಟ್ಟು ಸಿದ್ಧವಾಗಿ ನಿಂತಳು. “ಹೊಸದುರ್ಗಕ್ಕೆ ಹೋಗಾಣ. ಒಂದ್ಸಲ ಸರಿಯಾಗಿ ಮಾತಾಡಿ ನೋಡ್ತೀನಿ.”

ಮೆತ್ತಗೆ ಮಾತಾಡಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಆ ಆಟವೇ ಇವಳ ತಲೆಗೆ ತುಂಬಿದೆ ಎಂದು ನನಗನ್ನಿಸಿತು. ಬೇಡವೆನ್ನಲು ಆಗಲಿಲ್ಲ. ಹೊಳಲ್ಕೆರೆ ದಾಟುವವರೆಗೂ ಬಸ್ಸಿನಲ್ಲಿ, ಕೇಳಬೇಕಾದ್ದನ್ನು ಒಳಗೊಳಗೇ ಹೇಳಿಕೊಳ್ಳುತ್ತ, ಅವಳ ತುಟಿ ಅಲುಗಾಡುತ್ತಲೇ ಇತ್ತು.

ಬಾಗಿಲು ತೆರೆದ ಅವಳ ಗಂಡ ನನ್ನ ಕಡೆ ನೋಡಿ, “ಬರ್ರಿ, ಕುಂತ್ಕಳ್ರಿ,” ಅಂದ. ನಾವು ಕೂತೆವು.

“ನನ್ನ ತಪ್ಪೇನೈತೋ ಬಾಯಿಬಿಟ್ಟು ಹೇಳಿ,” ತಂಗಿ ಕೇಳಿದಳು. “ಸರಿ ಮಾಡ್ಕಳಾಣ.”

ಅವನು ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದ. ಅವಳು ಮತ್ತೊಮ್ಮೆ ಕೇಳಿದಳು, ದನಿ ಏರಿಸಲಿಲ್ಲ. ಅವನು ತಲೆಯೆತ್ತಿ ನನ್ನನ್ನು ಕೇಳಿದ: “ನಿಮ್ಗೆ ವಾಪಸ್ ಬಸ್ ಎಷ್ಟೊತ್ತಿಗೆ?”

ತಂಗಿ ಒಳಗೆ ಹೋಗಿ ತನ್ನ ಬಟ್ಟೆಗಳನ್ನೂ ಪದವಿಯ ಸರ್ಟಿಫಿಕೇಟುಗಳನ್ನೂ ಚೀಲಕ್ಕೆ ತುಂಬಿಕೊಂಡು ಬಂದಳು. ಬಸ್ ನಿಲ್ದಾಣದವರೆಗೂ ಚೀಲವನ್ನು ಅವಳೇ ಹೊತ್ತಳು.

“ಆಟ ನಂಬ್ಕಂಡು ಬಂದೆ ಅನ್ಕಂಡ್ಯಾ?” ಬೆಂಚಿನ ಮೇಲೆ ಕೂತ ಮೇಲೆ ಅವಳೇ ಕೇಳಿದಳು.

“ಹೂಂ.”

“ಅಲ್ಲ ಕಣೆ. ಆ ಮನೇಲಿದ್ದು ಇದ್ದು ನಂಗೆ ಮಾತೇ ಮರ್ತುಹೋಗಿತ್ತು. ಆಟದಲ್ಲಿ ಮಾತಾಡಿ ಮಾತಾಡಿ ವಾಪಸ್ ಬಂತು. ಕೇಳಬೇಕಿತ್ತು, ಕೇಳ್ದೆ.” ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಈಗ ಅವಳು ಹಿರಿಯೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಒಬ್ಬಳೇ ಬಾಡಿಗೆ ಮನೆಯಲ್ಲಿದ್ದಾಳೆ. ಆಟವನ್ನು ಬಿಟ್ಟಿಲ್ಲ. ಅದು ಅವಳಿಗೆ ಒಳ್ಳೆಯದನ್ನು ಮಾಡಿತೆಂದು ನಾನು ಒಪ್ಪುತ್ತೇನೆ. ಆದರೂ ಸಂಜೆ ಕರೆ ಮಾಡಿದಾಗ ಅವಳು ಫೋನ್ ಎತ್ತದಿದ್ದರೆ, ಎಂದೂ ಮುನಿಯದ ಆ ಜೊತೆಗಾರನ ಎದುರು ಕೂತಿದ್ದಾಳೆಂದು ನನಗೆ ಗೊತ್ತಾಗುತ್ತದೆ. ಈಗಲೇ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟಲೇ ಅನ್ನಿಸುತ್ತದೆ.