ಬಿಸಿಲಿಗೆ ಜೋತುಬಿದ್ದ ಸೋಲೊ

ನನಗೆ ಜಗತ್ತಿನಲ್ಲೇ ಅತಿ ಇಷ್ಟವಾದ ಗಿಟಾರ್ ಸೋಲೊ ಪಪ್ಪನ ಹಳೆಯ ಕಾರಿನ ಕ್ಯಾಸೆಟ್ಟಿನಲ್ಲಿತ್ತು. ಯಾವುದೋ ಇಂಗ್ಲಿಷ್ ಹಾಡು, ಮಧ್ಯೆ ಮುಕ್ಕಾಲು ನಿಮಿಷ ಗಿಟಾರ್. ಗಲ್ಫಿನಲ್ಲಿ ನಮ್ಮ ಮನೆಯಿದ್ದ ದಾರ್ಸೈಟಿನಿಂದ ಇಬ್ರಾ ಊರಿಗೆ ಹೋಗುವಾಗೆಲ್ಲ ಅದೇ. ಸ್ವರ ಏರಿ ಏರಿ ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ, ಹೊಟ್ಟೆನೋವು ಬಂದ ಒಂಟೆಯ ಹಾಗೆ ನರಳುತ್ತ ಕುಸಿಯುತ್ತಿತ್ತು. ಮತ್ತೆ ಏನೂ ಆಗಿಲ್ಲವೆಂಬಂತೆ ಎದ್ದು ಓಡುತ್ತಿತ್ತು. ಬಾರಿಸಿದವನು ಎಂಥಾ ದುಃಖ ಉಂಡಿದ್ದನೋ ಎಂದು ಹಿಂದಿನ ಸೀಟಿನಲ್ಲಿ ಕೂತು ಕಣ್ಣೀರು ಹಾಕಿದ್ದೇನೆ.

ಕೆಲಸ ಸಿಕ್ಕಿದ ಮೇಲೆ ಗಿಟಾರ್ ಕೊಂಡು, ಎಂಟು ತಿಂಗಳು ಆ ಕುಸಿತವನ್ನೇ ಅಭ್ಯಾಸ ಮಾಡಿದೆ. ಎಡಗೈಯಲ್ಲಿ ತಂತಿ ಒತ್ತಿಹಿಡಿದು, ಬಲಗೈಯಲ್ಲಿ ಅದರ ಬಿರಡೆಯ ಕಿವಿ ತಿರುಚಿ ಸಡಿಲಿಸಬೇಕು. ಪಕ್ಕದ ಫ್ಲಾಟಿನವರು ಎರಡು ಸಲ ಬಂದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಆಗಲೇ ಇಲ್ಲಿರುವ ನಮ್ಮ ಊರಿನವರ ಬ್ಯಾಂಡಿನ ಗಿಟಾರಿಸ್ಟಿಗೆ ದೂರದ ಸಲಾಲಾಕ್ಕೆ ವರ್ಗವಾಯಿತು. ಆ ಜಾಗ ನನಗೇ ಎಂದು ಆಫೀಸಿಗೆಲ್ಲ ಸಾರಿದೆ. ಸಿಗದಿದ್ದರೆ ಗಿಟಾರನ್ನು ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕಕ್ಕೆ ಹಾಕುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟೆ. ಅಮ್ಮ ಅಂದೇ ಅಲ್ಲಿ ಜಾಗ ಗುಡಿಸಿಟ್ಟರು.

ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಪರೀಕ್ಷೆ. ಬ್ಯಾಂಡಿನ ಲೀಡರ್ ಅಂಕಲ್ ಮೂವತ್ತು ವರ್ಷಗಳಿಂದ ಎಲ್ಲ ಮದುವೆಗಳಲ್ಲೂ ಗಿಟಾರಿನ ಅದೇ ಮೂರು ಕಾರ್ಡುಗಳನ್ನು ಕಣ್ಣುಮುಚ್ಚಿ ಬಾರಿಸುವವರು. ಪಪ್ಪ ಮುಂದಿನ ಕುರ್ಚಿಯಲ್ಲಿ ಕೂತರು. ನಾನು ಶುರು ಮಾಡಿದೆ. ಕುಸಿತ ಬಂದಾಗ ಸ್ವರದ ಜೊತೆ ನಾನೂ ಮೊಣಕಾಲೂರಿದೆ. ಡ್ರಮ್ ನಿಂತಿತು.

"ಎಂತ ಆಯ್ತು ಮಾರಾಯ, ಕರೆಂಟ್ ಹೋಯ್ತಾ?" ಎಂದರು ಲೀಡರ್.

"ಇಲ್ಲ ಅಂಕಲ್, ಅದು ಫೀಲಿಂಗ್."

"ನಿನ್ನ ಫೀಲಿಂಗ್ ಕೇಳಿದ್ರೆ ವಾಂತಿ ಬರ್ತದೆ."

"ಒರಿಜಿನಲ್‌ನಲ್ಲೇ ಹಾಗುಂಟು. ಅದಕ್ಕೆ ಕಿವಿ ಬೇಕು, ಅಷ್ಟೆ."

ನಾನು ಹುಟ್ಟುವ ಮೊದಲೇ ಗಿಟಾರ್ ಹಿಡಿದವರಿಗೆ ಹೇಳಿದ ಮಾತಿದು. ಅವರು ಫೋನನ್ನು ಸ್ಪೀಕರಿಗೆ ಜೋಡಿಸಿ ಅದೇ ಹಾಡು ಹಾಕಿದರು. ಸೋಲೊ ಏರಿತು, ತುದಿ ಮುಟ್ಟಿತು, ಮರ್ಯಾದೆಯಿಂದ ಇಳಿಯಿತು. ಎಲ್ಲೂ ಕುಸಿಯಲಿಲ್ಲ. ಇಸ್ತ್ರಿ ಹಾಕಿದ ಶರ್ಟಿನಷ್ಟು ನೆಟ್ಟಗಿತ್ತು.

ಎಲ್ಲರೂ ನನ್ನನ್ನು ನೋಡಿದರು. ನಾನು ಪಪ್ಪನನ್ನು ನೋಡಿದೆ. ಪಪ್ಪ ಎಸಿಯನ್ನು ನೋಡಿದರು.

"ಆ ಕ್ಯಾಸೆಟ್ ಒಮ್ಮೆ ಜೂನ್‌ನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಬಾಕಿ ಆಗಿತ್ತು. ಟೇಪ್ ಸ್ವಲ್ಪ ಎಳ್ಕೊಂಡಿತ್ತು. ಹಮ್ರಿಯಾದಲ್ಲಿ ನೆರಳಿನ ಪಾರ್ಕಿಂಗ್ ಎಲ್ಲಿ ಸಿಗ್ತದೆ, ಹೇಳು?"

"ಖಲಾಸ್," ಎಂದು ಲೀಡರ್ ನನ್ನ ಕೈಗೆ ಗಿಲಕಿಯೊಂದನ್ನು ಕೊಟ್ಟರು. "ಯಲ್ಲಾ, ನಡಿ, ಇದನ್ನು ಅಲ್ಲಾಡಿಸು. ಬಿಸಿಲಲ್ಲಿಟ್ರೂ ಎಂತ ಆಗುದಿಲ್ಲ."

ಕಾರಿನಲ್ಲಿ ವಾಪಸು ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಪಪ್ಪ ಆ ಸೋಲೊ ಗುನುಗತೊಡಗಿದರು. ತುದಿಗೆ ಬಂದಾಗ ನರಳುತ್ತ ಕುಸಿದರು.

"ಒರಿಜಿನಲ್ ಭಾರೀ ಚಪ್ಪೆ ಮಾರಾಯ," ಎಂದರು.

ಗಿಟಾರ್ ಈಗ ಬಾಲ್ಕನಿಯಲ್ಲಿದೆ. ಅಲ್ಲಿ ಇಡೀ ದಿನ ಒಳ್ಳೆಯ ಬಿಸಿಲು. ಇದೂ ಸ್ವಲ್ಪ ಎಳೆದುಕೊಂಡೀತೆಂಬ ಆಸೆ ನನಗಿನ್ನೂ ಹೋಗಿಲ್ಲ.